ಕೊಲೆಗಾರ ಯಾರು ಅಂತ ಹೇಳ್ಬಿಡ್ಲಾ?

ಪ್ರಶ್ನೆ: ಸರ್ ನಮಸ್ಕಾರ. ಮಗಳ ಬಾಣಂತನಕ್ಕೆ ಲಂಡನ್‌ಗೆ ಹೋದಾಗ ಅಳಿಯ ಒಂದಿನ ಸಂಜೆ ಅಗಾಥಾ ಕ್ರಿಸ್ಟಿ ಅವರ 'ದಿ ಮೌಸ್‌ಟ್ರ್ಯಾಪ್' ನಾಟಕಕ್ಕೆ ಕರ್ಕೊಂಡು ಹೋಗಿದ್ರು. ಮುಗಿದ್ಮೇಲೆ ಸ್ಟೇಜ್ ಮೇಲಿಂದಾನೇ ಕೊಲೆಗಾರ ಯಾರು ಅಂತ ಹೊರಗೆ ಹೇಳ್ಬೇಡಿ ಅಂದ್ರು. ಈಗ ಊರಿಗೆ ಬಂದಿದೀನಿ, ನಮ್ಮನೆಯವ್ರು, ಪಕ್ಕದ್ಮನೆಯೋರು ಎಲ್ಲಾ ಸಂಜೆ ಮಂಡಕ್ಕಿ ಮಿರ್ಚಿ ಮುಂದಿಟ್ಕೊಂಡು ಹೇಳು ಹೇಳು ಅಂತ ಜೀವ ತಿಂತಾರೆ. ಇವ್ರೇನು ಲಂಡನ್‌ಗೆ ಹೋಗಿ ಟಿಕೆಟ್ ತಗೋತಾರಾ, ಹೇಳಿದ್ರೆ ತಪ್ಪಾ?
- ಓದುಗರು, ದಾವಣಗೆರೆ

ಉತ್ತರ: ಹೇಳ್ಬೇಡಿ ಅಕ್ಕಾ, ದಮ್ಮಯ್ಯ. ಆ ನಾಟಕ 1952ರ ನವೆಂಬರ್ 25ಕ್ಕೆ ಲಂಡನ್‌ನಲ್ಲಿ ಶುರುವಾಗಿದ್ದು, 1974ರಲ್ಲಿ ಪಕ್ಕದ ಸೇಂಟ್ ಮಾರ್ಟಿನ್ಸ್ ಥಿಯೇಟರ್‌ಗೆ ಶಿಫ್ಟ್ ಆಯ್ತು, 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ನಿಂತಿತ್ತು, ಮುಂದಿನ ವರ್ಷ ಮೇನಲ್ಲಿ ಮತ್ತೆ ಶುರು. ಲಂಡನ್ ಶೋ ನಿಂತು ಆರು ತಿಂಗಳಾಗೋವರೆಗೂ ಸಿನಿಮಾ ಮಾಡಂಗಿಲ್ಲ ಅಂತ ಹಕ್ಕು ಕೊಡೋವಾಗ್ಲೇ ಕರಾರು ಹಾಕಿದ್ರಂತೆ, ಶೋ ನಿಲ್ಲೋ ಲಕ್ಷಣ ಕಾಣ್ತಿಲ್ಲ!

ನಿಮ್ಮೂರಿನ ಚಿಂದೋಡಿ ಲೀಲಾ ಅವರ ಕಂಪನಿ ನಾಟಕ ನೋಡಿದೋರಿಗೆ ಕಥೆ ಬಾಯಿಪಾಠ ಇರ್ತಿತ್ತು, ಆದ್ರೂ ಹಾಡು, ಹಾಸ್ಯ, ಡೈಲಾಗ್‌ಗೋಸ್ಕರ ಮತ್ತೆ ಹೋಗೋರು, ಒನ್ಸ್ ಮೋರ್ ಅಂತ ಕೂಗೋರು. ಕೊಲೆ ನಾಟಕ ಆ ಜಾತಿ ಅಲ್ಲ, ಗುಟ್ಟು ಬಿಟ್ಕೊಟ್ರೆ ಅರ್ಧ ಟಿಕೆಟ್ ದುಡ್ಡು ಹೋದಂಗೆ.

ಆದ್ರೆ ಬಾಯಿ ಮುಚ್ಕೊಂಡು ಕೂರಿ ಅಂತಾನೂ ಹೇಳಲ್ಲ. ಇಂಟರ್ವಲ್‌ವರೆಗೂ ಹೇಳಿ. ಹಿಮ ಬಿದ್ದು ರಸ್ತೆ ಬಂದಾಗಿರೋ ಆ ಮಾಂಕ್ಸ್‌ವೆಲ್ ಮ್ಯಾನರ್ ಬಂಗಲೆ, ಹೊಸದಾಗಿ ಗೆಸ್ಟ್‌ಹೌಸ್ ಹಾಕಿರೋ ಗಂಡ ಹೆಂಡ್ತಿ, ರೇಡಿಯೋದಲ್ಲಿ ಕೊಲೆ ಸುದ್ದಿ, ಕೊಲೆಗಾರ ಡಾರ್ಕ್ ಓವರ್‌ಕೋಟ್ ಹಾಕಿದ್ದ ಅಂತಾರೆ, ನೋಡಿದ್ರೆ ಮನೆ ಯಜಮಾನನೇ ಅಂಥ ಕೋಟ್ ಹಾಕ್ಕೊಂಡು ಒಳಗ್ಬರ್ತಾನೆ, ಆಮೇಲೆ ಬರೋ ಗೆಸ್ಟ್‌ಗಳ ಮೈಮೇಲೂ ಹೆಚ್ಚುಕಮ್ಮಿ ಅದೇ, ಇನ್ನು ಪೊಲೀಸ್ ಸಾರ್ಜೆಂಟ್ ಹಿಮದ ಮೇಲೆ ಸ್ಕೀ ಹಾಕ್ಕೊಂಡು ಜಾರ್ಕೊಂಡು ಬರ್ತಾನೆ. ಆಮೇಲೆ ಲೈಟ್ ಹೋಗುತ್ತಲ್ಲ, ಕರೆಕ್ಟಾಗಿ ಅಲ್ಲಿಗೆ ನಿಲ್ಸಿ, ನಿಮಗ್ಯಾರ ಮೇಲೆ ಡೌಟು ಅಂತ ಒಬ್ಬೊಬ್ರನ್ನೇ ಕೇಳಿ. ನಿಮ್ ಯಜಮಾನ್ರು ನಾಟಕದ ಗಂಡನ್ನ ಹಿಡೀತಾರೆ, ಪಕ್ಕದ್ಮನೆಯೋರು ಅವನ ಹೆಂಡ್ತೀನ ಹಿಡೀತಾರೆ, ಜಗಳ ಅವ್ರವ್ರೇ ಆಡ್ಕೊಳ್ಲಿ. ಯಾರಾದ್ರೂ ಕರೆಕ್ಟಾಗಿ ಹೇಳಿದ್ರೂ ಮುಖ ಬದಲಾಯಿಸ್ಬೇಡಿ, ಅಷ್ಟು ನಟನೆ ನಿಮಗೂ ಬರ್ಬೇಕು.

ಮೊಬೈಲ್‌ನಲ್ಲಿ ಹುಡುಕಿದ್ರೆ ಗುಟ್ಟು ಸಿಗುತ್ತೆ, 2010ರಲ್ಲಿ ವಿಕಿಪೀಡಿಯಾ ಅದನ್ನ ಹಾಕ್ಕೊಂಡಿದ್ದಕ್ಕೆ ಕ್ರಿಸ್ಟಿ ಮೊಮ್ಮಗ ಬೇಜಾರು ಮಾಡ್ಕೊಂಡಿದ್ರು. ಹುಡುಕೋರು ಹುಡುಕ್ಲಿ ಬಿಡಿ, ನಿಮ್ ಬಾಯಿಂದ ಬರೋದ್ಬೇಡ.