ಟ್ರೆಂಡ್ ಆದದ್ದೆಲ್ಲ ಸುದ್ದಿಯಾಗುತ್ತದೆಯೇ?

ಪ್ರಶ್ನೆ: ಚಳವಳಿಗಾರರು ಹ್ಯಾಶ್‌ಟ್ಯಾಗ್ ಟ್ರೆಂಡ್ ಮಾಡಿಸಿದರೆ ಮಾಧ್ಯಮಗಳೂ ಸರ್ಕಾರಗಳೂ ನಿಜಕ್ಕೂ ಕದಲುತ್ತವೆಯೇ, ಅಥವಾ ಅದು ಬರೀ ಗದ್ದಲವೇ?

ಉತ್ತರ: ಟ್ರೆಂಡ್ ಒಂದರಿಂದಲೇ ಯಾರೂ ಕದಲುವುದಿಲ್ಲ. ಅಧಿಕೃತ ಹೇಳಿಕೆಯನ್ನು ಸುಳ್ಳಾಗಿಸುವ ಸಾಕ್ಷ್ಯವನ್ನು ಜಾಲತಾಣ ಸುದ್ದಿಮನೆಯ ಮುಂದಿಟ್ಟಾಗ ಮಾತ್ರ ಅದಕ್ಕೆ ತೂಕ ಬರುತ್ತದೆ.

2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಸತ್ತಾಗ, ಪೊಲೀಸರ ಮೊದಲ ಪ್ರಕಟಣೆ ಅದನ್ನು ಕಾರ್ಯಾಚರಣೆಯ ವೇಳೆ ಎದುರಾದ ಆರೋಗ್ಯ ಸಮಸ್ಯೆ ಎಂಬಂತೆ ಬಣ್ಣಿಸಿತ್ತು. ಆತನ ಕತ್ತಿನ ಮೇಲೆ ಅಧಿಕಾರಿ ಮೊಣಕಾಲೂರಿದ್ದ ಪ್ರಸ್ತಾಪವೇ ಅದರಲ್ಲಿರಲಿಲ್ಲ. ಆದರೆ ಅಲ್ಲೇ ನಿಂತಿದ್ದ 17 ವರ್ಷದ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಚಿತ್ರೀಕರಿಸಿ ಫೇಸ್‌ಬುಕ್‌ಗೆ ಹಾಕಿದ ವಿಡಿಯೊ ಹರಡಿ, ಮರುದಿನವೇ ನಾಲ್ವರು ಪೊಲೀಸರು ಕೆಲಸ ಕಳೆದುಕೊಂಡರು. 2013ರಿಂದಲೇ ಬಳಕೆಯಲ್ಲಿದ್ದ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ (ಕಪ್ಪು ಜನರ ಜೀವಕ್ಕೂ ಬೆಲೆಯಿದೆ) ಹ್ಯಾಶ್‌ಟ್ಯಾಗ್ ಆ ದೃಶ್ಯವನ್ನು ಕಪ್ಪು ಜನರ ಮೇಲಿನ ದೌರ್ಜನ್ಯದ ಹಳೆಯ ಪ್ರಕರಣಗಳ ಸಾಲಿಗೆ ಸೇರಿಸಿತು. ಹಾಗಾಗಿ ವರದಿಗಾರರು ಒಂದು ಸಾವಿನ ಬದಲು ಒಂದು ವ್ಯವಸ್ಥೆಯ ಬಗ್ಗೆ ಬರೆಯತೊಡಗಿದರು. ಹ್ಯಾಶ್‌ಟ್ಯಾಗ್‌ನ ನಿಜವಾದ ಕೆಲಸ ಇದೇ ಎಂಬುದು ನನ್ನ ಅಭಿಪ್ರಾಯ.

ಟಿವಿಯ ಪಾತ್ರವನ್ನು ಮಾತ್ರ ಮರೆಯಬಾರದು. 2010ರ ಡಿಸೆಂಬರ್‌ನಲ್ಲಿ ಟ್ಯುನೀಷಿಯಾದ ಸಿದಿ ಬೂಜಿದ್ ಊರಿನಲ್ಲಿ ತಳ್ಳುಗಾಡಿ ವ್ಯಾಪಾರಿ ಮೊಹಮದ್ ಬುವಾಜಿಜಿ ಬೆಂಕಿ ಹಚ್ಚಿಕೊಂಡ ಬಳಿಕ ನಡೆದ ಪ್ರತಿಭಟನೆಯ ದೃಶ್ಯಗಳು ಫೇಸ್‌ಬುಕ್‌ಗೆ ಬಂದವು. ಅವನ್ನು ಅಲ್ಲಿಂದ ಎತ್ತಿಕೊಂಡು ಕತಾರ್‌ನ ಟಿವಿ ವಾಹಿನಿ ಅಲ್ ಜಜೀರಾ ಬಿತ್ತರಿಸಿದ್ದರಿಂದಲೇ ಇಂಟರ್ನೆಟ್ ಇಲ್ಲದ ಮನೆಗಳಿಗೂ ಸುದ್ದಿ ಮುಟ್ಟಿತು. 2011ರ ಜನವರಿ 14ರಂದು ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟರು, ಆದರೆ ಅದರ ಹಿಂದೆ ಕಾರ್ಮಿಕ ಸಂಘಟನೆಗಳ ಮುಷ್ಕರಗಳೂ ಇದ್ದವು.

ಸುದ್ದಿಯಾಗುವುದು ಬೇರೆ, ಕಾನೂನಾಗುವುದು ಬೇರೆ. 2011ರ ಸೆಪ್ಟೆಂಬರ್ 17ರಂದು ನ್ಯೂಯಾರ್ಕ್‌ನಲ್ಲಿ ದೊಡ್ಡ ಹಣಕಾಸು ಸಂಸ್ಥೆಗಳ ವಿರುದ್ಧ ಆರಂಭವಾದ ‘ಆಕ್ಯುಪೈ ವಾಲ್ ಸ್ಟ್ರೀಟ್’ ಚಳವಳಿ ‘ನಾವು ಶೇ 99’ (ಅತಿ ಸಿರಿವಂತ ಶೇ 1ರ ಹೊರಗಿರುವ ಉಳಿದವರೆಲ್ಲ) ಎಂಬ ಘೋಷಣೆಯಿಂದ ಆರ್ಥಿಕ ಅಸಮಾನತೆಯನ್ನು ಚುನಾವಣಾ ಭಾಷಣಗಳೊಳಕ್ಕೆ ತಂದಿತಾದರೂ, ನಿರ್ದಿಷ್ಟ ಬೇಡಿಕೆಪಟ್ಟಿಯಾಗಲಿ ಸಂಧಾನಕ್ಕೆ ಕೂರುವ ಮುಖಂಡರಾಗಲಿ ಇಲ್ಲದ ಕಾರಣ ಅದರ ಹೆಸರಿನಲ್ಲಿ ಹೇಳಿಕೊಳ್ಳುವಂಥ ಕಾಯ್ದೆ ಹುಟ್ಟಲಿಲ್ಲ.

ನೀವು ಹೇಳುವ ಗದ್ದಲವೂ ಇದೆ, ಅದರಲ್ಲಿ ಕೂಲಿಗೆ ಮಾಡಿಸಿದ್ದೂ ಸೇರಿದೆ. ಒಂದೇ ವಾಕ್ಯ, ಅದೇ ಕಾಗುಣಿತದ ತಪ್ಪಿನೊಡನೆ, ಒಂದೇ ವಾರದಲ್ಲಿ ತೆರೆದ ನೂರಾರು ಖಾತೆಗಳಿಂದ ನಿಮಿಷಗಳ ಅಂತರದಲ್ಲಿ ಬಂದಿದ್ದರೆ, ಎಚ್ಚರವಿರುವ ಸಂಪಾದಕರು ಮೊದಲು ಕೇಳುವುದು ಬೇಡಿಕೆ ಏನೆಂದಲ್ಲ, ಬರೆಸಿದವರು ಯಾರೆಂದು.