ದ್ರಾವಕ ಕಡಿಮೆಯಾದರೆ ಫಲಿತಾಂಶ ಕೆಡುತ್ತದೆಯೇ?

ಪ್ರಶ್ನೆ: ನೀರಿನಲ್ಲಿರುವ ಕೀಟನಾಶಕಗಳನ್ನು ಗ್ಯಾಸ್ ಕ್ರೊಮ್ಯಾಟೋಗ್ರಫಿಯಿಂದ (ಪದಾರ್ಥಗಳನ್ನು ಆವಿಯಾಗಿಸಿ ಒಂದೊಂದಾಗಿ ಬೇರ್ಪಡಿಸುವ ವಿಧಾನ) ಅಳೆಯಲು ನಾವು 1 ಲೀಟರ್ ಮಾದರಿಯನ್ನು 60 ಮಿ.ಲೀ. ಡೈಕ್ಲೋರೋಮೀಥೇನ್‌ನೊಂದಿಗೆ ಮೂರು ಬಾರಿ ಕುಲುಕಿ ಬೇರ್ಪಡಿಸುತ್ತೇವೆ. ದ್ರಾವಕವನ್ನು ಕಡಿಮೆ ಮಾಡಿದರೆ ನಿಖರತೆ ಕುಸಿಯುವುದೇ?

ಉತ್ತರ: ಕುಸಿಯಬೇಕಾಗಿಲ್ಲ; ಎಷ್ಟೋ ಸಂದರ್ಭಗಳಲ್ಲಿ ಸುಧಾರಿಸುತ್ತದೆ. ನೀವು ಬಳಸುವ 180 ಮಿ.ಲೀ. ದ್ರಾವಕವನ್ನು ಕೊನೆಗೆ ಆವಿಯಾಗಿಸಿ 1 ಮಿ.ಲೀ.ಗೆ ಇಳಿಸುವಾಗ ಬೇಗ ಆವಿಯಾಗುವ ಕೀಟನಾಶಕಗಳೂ ಅದರೊಂದಿಗೆ ಹೊರಟುಹೋಗುತ್ತವೆ, ದ್ರಾವಕದಲ್ಲಿದ್ದ ಕಲ್ಮಶಗಳು ಮಾತ್ರ ಸಾಂದ್ರಗೊಂಡು ಉಳಿಯುತ್ತವೆ. ಡೈಕ್ಲೋರೋಮೀಥೇನ್‌ನ ಆವಿಯನ್ನು ದಿನವಿಡೀ ಉಸಿರಾಡುವವರ ಆರೋಗ್ಯವಂತೂ ಯಾವ ಫಲಿತಾಂಶಕ್ಕಿಂತಲೂ ದೊಡ್ಡದು.

ಘನ ಹಂತದ ಬೇರ್ಪಡಿಕೆಗೆ ಬದಲಾಯಿಸಿಕೊಳ್ಳಿ. ನೀರನ್ನು ಸಿ-18 ಕಾರ್ಟ್ರಿಜ್ (18 ಇಂಗಾಲಗಳ ಸರಪಳಿ ಜೋಡಿಸಿದ ಸಿಲಿಕಾ ಕಣಗಳನ್ನು ತುಂಬಿದ ಸಣ್ಣ ಕೊಳವೆ) ಮೂಲಕ ಹಾಯಿಸಿದರೆ ಕೀಟನಾಶಕಗಳು ಅದರಲ್ಲಿ ಅಂಟಿಕೊಳ್ಳುತ್ತವೆ. ಅವುಗಳನ್ನು ಬಿಡಿಸಿಕೊಳ್ಳಲು ಕೆಲವೇ ಮಿಲಿಲೀಟರ್ ಈಥೈಲ್ ಅಸಿಟೇಟ್ ಸಾಮಾನ್ಯವಾಗಿ ಸಾಕು. ಇಲ್ಲಿ ಎಡವುವುದು ಹೆಚ್ಚಾಗಿ ಒಂದೇ ಕಡೆ: ಮೆಥನಾಲ್ ಮತ್ತು ನೀರಿನಿಂದ ಹದಗೊಳಿಸಿದ ಕಾರ್ಟ್ರಿಜ್ ಮಾದರಿ ಹಾಕುವ ಮುನ್ನ ಒಣಗಿಬಿಟ್ಟರೆ, ನೀರು ಅದರ ಕಣಗಳನ್ನು ಸರಿಯಾಗಿ ತೋಯಿಸದೆ ಸರಿದುಹೋಗುತ್ತದೆ. ಮಾದರಿ ಪೂರ್ತಿ ಹಾಯ್ದ ಮೇಲೆ ಮಾತ್ರ ಅದನ್ನು ಚೆನ್ನಾಗಿ ಒಣಗಿಸಬೇಕು.

ದ್ರಾವಕವೇ ಬೇಡವೆಂದರೆ, ರಸಾಯನ ವಿಜ್ಞಾನಿ ಯಾನುಷ್ ಪಾವ್ಲಿಷಿನ್ ಅವರು 1990ರ ಸುಮಾರಿಗೆ ರೂಪಿಸಿದ ಘನ ಹಂತದ ಸೂಕ್ಷ್ಮ ಬೇರ್ಪಡಿಕೆ ಇದೆ. ಅದರಲ್ಲಿ ಕೀಟನಾಶಕಗಳನ್ನು ಹೀರಿಕೊಳ್ಳುವ ಲೇಪಿತ ಎಳೆಯನ್ನು ನೀರಿನಲ್ಲಿಟ್ಟು, ಬಳಿಕ ನೇರವಾಗಿ ಉಪಕರಣದ ಬಿಸಿ ಇಂಜೆಕ್ಟರ್‌ಗೆ ಸೇರಿಸುತ್ತಾರೆ. ಎಳೆ ನೀರಿನಲ್ಲಿರುವ ಸಮಯ, ನೀರಿನ ಉಷ್ಣತೆ ಮತ್ತು ಕಲಕುವ ವೇಗ ಪ್ರತಿ ಸಲವೂ ಒಂದೇ ಆಗಿರಬೇಕು.

ಯಾವ ವಿಧಾನವಾದರೂ, ಐಸೋಟೋಪ್ ಗುರುತುಳ್ಳ ಕೀಟನಾಶಕವನ್ನು (ಅದೇ ಕೀಟನಾಶಕದ, ಕೆಲವು ಪರಮಾಣುಗಳು ಹೆಚ್ಚು ಭಾರವಿರುವ ರೂಪ) ತಿಳಿದ ಪ್ರಮಾಣದಲ್ಲಿ ಬೇರ್ಪಡಿಕೆಗೆ ಮೊದಲೇ ನೀರಿಗೆ ಸೇರಿಸಿ, ಏಕೆಂದರೆ ಕೊನೆಯಲ್ಲಿ ಸೇರಿಸಿದ್ದು ದಾರಿಯಲ್ಲಾದ ನಷ್ಟವನ್ನು ತೋರಿಸದು. ಹಳೆಯ ವಿಧಾನವನ್ನು ಕೈಬಿಡುವ ಮುನ್ನ ಅವೇ ಮಾದರಿಗಳನ್ನು ಎರಡೂ ರೀತಿಯಲ್ಲಿ ಪರೀಕ್ಷಿಸಿ ಹೋಲಿಸಿ.