ನೋವೇ ಇಲ್ಲದ ಕಣ್ಣಿನ ಗಾಯಕ್ಕೆ ಔಷಧಿ ಇದೆಯಾ?

ಅಪ್ಪನಿಗೆ ಹಣೆ ಮೇಲೆ ಸರ್ಪಸುತ್ತು ಆಗಿತ್ತು, ಈಗ ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮುಂದಿನ ಗಾಜಿನಂಥ ಪದರದ ಮೇಲಿನ ಗಾಯ ಮಾಯುತ್ತಿಲ್ಲ, ನರ ಹಾಳಾಗಿದೆ ಅಂತ ಡಾಕ್ಟರು ಹೇಳಿದ್ದಾರೆ, ಆದರೆ ಅಪ್ಪನಿಗೆ ನೋವೇ ಇಲ್ಲ, ಇದಕ್ಕೆ ಔಷಧಿ ಇದೆಯಾ ಅಂತ ಕೇಳಿದ್ದೀರಿ. ಔಷಧಿ ಇದೆ. ಆದರೆ ನೋವಿಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ನಾವು ಎಡವಿದ್ದೇ ಅಲ್ಲಿ.

ನಾನು ಡಾಕ್ಟರಲ್ಲ. ಮಂಡ್ಯ ಕಡೆಯವನು, ನಮ್ಮವ್ವನಿಗೆ ಇದೇ ಆಗಿತ್ತು. ಹಣೆ ಮೇಲೆ ಗುಳ್ಳೆ ಎದ್ದಾಗ ಊರಿನವರು ಹೇಳಿದ ಹಾಗೆ ಕೆಮ್ಮಣ್ಣು ಹಚ್ಚಿಸಿದೆವು. ಮೂಗಿನ ತುದಿಯಲ್ಲೂ ಎರಡು ಗುಳ್ಳೆ ಇದ್ದವು. ಅಲ್ಲಿ ಬಂದರೆ ಕಣ್ಣಿಗೂ ತಗಲುವ ಸಾಧ್ಯತೆ ಜಾಸ್ತಿ, ಎರಡಕ್ಕೂ ಒಂದೇ ನರದ ಕವಲು ಹೋಗುತ್ತದೆ ಅನ್ನುವುದು ಆಮೇಲೆ ತಿಳಿಯಿತು. ಗುಳ್ಳೆ ಒಣಗಿ ತಿಂಗಳುಗಳಾದ ಮೇಲೆ ಕಣ್ಣು ಕೆಂಪಗಾಯಿತು. ನೋವಿಲ್ಲವಲ್ಲ ಅಂತ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಒಂದು ಡ್ರಾಪ್ಸ್ ತಂದು ಹಾಕಿದೆವು. ಕೆಂಪು ಇಳಿಯಿತು, ಕಣ್ಣು ಮಾತ್ರ ದಿನದಿನಕ್ಕೆ ಮಂಜಾಯಿತು. ಅದು ಸ್ಟಿರಾಯ್ಡ್ ಡ್ರಾಪ್ಸ್, ಕೆಂಪು ಇಳಿಸುತ್ತದೆ, ಆದರೆ ಗಾಯ ಮಾಯುವುದನ್ನು ತಡ ಮಾಡುತ್ತದೆ.

ಮೈಸೂರಿನಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದಾಗ ಅವರು ಹತ್ತಿಯ ಎಳೆಯೊಂದನ್ನು ಹೊಸೆದು, ಅದರ ತುದಿಯನ್ನು ಅವ್ವನ ಕರಿಗುಡ್ಡೆಗೆ ಮೆಲ್ಲಗೆ ಮುಟ್ಟಿಸಿದರು. ಒಳ್ಳೆ ಕಣ್ಣಿಗೆ ಮುಟ್ಟಿಸಿದರೆ ಅವ್ವ ತಲೆಯನ್ನೇ ಹಿಂದಕ್ಕೆಳೆದುಕೊಂಡಳು. ಈ ಕಣ್ಣಿಗೆ ಮುಟ್ಟಿಸಿದರೆ ರೆಪ್ಪೆ ಕೂಡ ಮಿಟುಕಲಿಲ್ಲ. 'ಇನ್ನೂ ಮುಟ್ಟಿಸಿಲ್ವಾ?' ಅಂದಳು. ನನ್ನ ಕೈಕಾಲು ತಣ್ಣಗಾಯಿತು.

ಕಾರ್ನಿಯಾದ ನರದ ಕೆಲಸ ಬರೀ ನೋವು ತಿಳಿಸುವುದಲ್ಲ. ಕಣ್ಣೀರು ಬರಿಸುತ್ತದೆ, ರೆಪ್ಪೆ ಮಿಟುಕಿಸುತ್ತದೆ, ಮೇಲ್ಪದರದ ಜೀವಕೋಶಗಳಿಗೆ ಪೋಷಣೆ ಕೊಡುತ್ತದೆ. ನರ ಹೋದರೆ ಚಿಕ್ಕ ತರಚು ಕೂಡ ಮಾಯದೆ ಹುಣ್ಣಾಗುತ್ತದೆ, ಬಿಟ್ಟರೆ ಕಾರ್ನಿಯಾ ತೂತೇ ಬೀಳಬಹುದು. ಇದರ ಹೆಸರು ನ್ಯೂರೋಟ್ರೋಫಿಕ್ ಕೆರಟೈಟಿಸ್. ಸರ್ಪಸುತ್ತಿನಿಂದ ಮಾತ್ರವಲ್ಲ, ಸಕ್ಕರೆ ಕಾಯಿಲೆಯಿಂದಲೂ, ತಲೆಯೊಳಗೆ ಆ ನರದ ಹತ್ತಿರ ಆಪರೇಷನ್ ಆದವರಿಗೂ ಬರುತ್ತದೆ. ಅಪ್ಪನಿಗೆ ಶುಗರ್ ಇದ್ದರೆ ಅದನ್ನೂ ಹಿಡಿತಕ್ಕೆ ತರಬೇಕು.

ನೀವು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೊದಲು ಸಿಗುವುದು ಸೆನೆಗರ್ಮಿನ್ ಅನ್ನುವ ಡ್ರಾಪ್ಸ್, ಮಾರುವ ಹೆಸರು ಆಕ್ಸರ್ವೇಟ್. ನರ ಬೆಳೆಸುವ ನಮ್ಮ ಮೈಯದೇ ಪ್ರೋಟೀನನ್ನು ಬ್ಯಾಕ್ಟೀರಿಯಾದಿಂದ ತಯಾರಿಸಿ ಮಾಡಿದ್ದು. ಆ ಪ್ರೋಟೀನಿನ ಮೇಲೆ ಮಾಡಿದ ಕೆಲಸಕ್ಕೇ ವಿಜ್ಞಾನಿ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ 1986ರಲ್ಲಿ ಸ್ಟ್ಯಾನ್ಲಿ ಕೋಹೆನ್ ಜೊತೆ ನೊಬೆಲ್ ಬಂದಿತ್ತು. ಡ್ರಾಪ್ಸಿಗೆ ಯುರೋಪಿನಲ್ಲಿ 2017ರಲ್ಲಿ, ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಎರಡು ಗಂಟೆಗೊಮ್ಮೆ, ದಿನಕ್ಕೆ 6 ಸಲ, 8 ವಾರ ಹಾಕಬೇಕು. ಒಪ್ಪಿಗೆಗೆ ಆಧಾರವಾದ ಪರೀಕ್ಷೆಗಳಲ್ಲಿ ಇದನ್ನು ಹಾಕಿಕೊಂಡವರಲ್ಲಿ ಶೇ. 70ರಷ್ಟು ಜನರ ಗಾಯ 8 ವಾರದಲ್ಲಿ ಪೂರ್ತಿ ಮುಚ್ಚಿತು, ಹಾಕಿಕೊಳ್ಳದವರಲ್ಲಿ ಶೇ. 28. ಒಳ್ಳೆ ಔಷಧಿಯೇ. ಆದರೆ ಅಮೆರಿಕದಲ್ಲಿ ಒಂದು ಕೋರ್ಸಿಗೆ ಲಕ್ಷ ಡಾಲರ್ ಹತ್ತಿರ. ಕಬ್ಬು ಬೆಳೆಯುವ ನಮ್ಮಂಥವರು ಆ ಲೆಕ್ಕ ಹಾಕುವುದಕ್ಕೂ ಹೋಗಲಿಲ್ಲ.

ನಮಗೆ ಕೆಲಸಕ್ಕೆ ಬಂದಿದ್ದು ಅವ್ವನದೇ ರಕ್ತ. ರಕ್ತ ತೆಗೆದು, ಹೆಪ್ಪುಗಟ್ಟಿಸಿ, ಯಂತ್ರದಲ್ಲಿ ತಿರುಗಿಸಿದರೆ ಮೇಲೆ ಹಳದಿ ತಿಳಿ ನಿಲ್ಲುತ್ತದೆ. ಅದೇ ಸೀರಮ್. ಅದನ್ನು ಶೇ. 20ಕ್ಕೆ ತೆಳು ಮಾಡಿ ಪುಟ್ಟ ಬಾಟಲಿಗಳಲ್ಲಿ ಕೊಟ್ಟರು. ಗಾಯ ಮಾಯಿಸುವ ಅಂಶಗಳು ಅದರಲ್ಲೇ ಇರುತ್ತವಂತೆ. ಥರ್ಮಾಸ್ ಫ್ಲಾಸ್ಕಿಗೆ ಐಸ್ ತುಂಬಿ, ಬಾಟಲಿಗಳನ್ನು ಅದರಲ್ಲಿಟ್ಟು ಪ್ಯಾಸೆಂಜರ್ ಟ್ರೈನಿನಲ್ಲಿ ಮಂಡ್ಯಕ್ಕೆ ತರುತ್ತಿದ್ದೆ. ಇದರಲ್ಲಿ ಪ್ರಿಸರ್ವೇಟಿವ್ ಇರುವುದಿಲ್ಲ, ಬೇಗ ಕೆಡುತ್ತದೆ. ಫ್ರೀಜರಿನಲ್ಲಿಟ್ಟು, ಬಳಸುವ ಒಂದನ್ನು ಮಾತ್ರ ಫ್ರಿಜ್ಜಿನ ಕೆಳಭಾಗದಲ್ಲಿಡಬೇಕು. ಒಮ್ಮೆ ರಾತ್ರಿಯಿಡೀ ಕರೆಂಟ್ ಹೋಗಿ ಅಷ್ಟನ್ನೂ ಚೆಲ್ಲಿದೆವು. ಅವ್ವ 'ನನ್ನ ರಕ್ತ ಕಣ್ರೋ ಅದು' ಅಂತ ಇವತ್ತಿಗೂ ಬೈಯುತ್ತಾಳೆ.

ಜೊತೆಗೆ ಪ್ರಿಸರ್ವೇಟಿವ್ ಇಲ್ಲದ ಕಣ್ಣೀರಿನ ಡ್ರಾಪ್ಸ್, ಗಾಯದ ಮೇಲೆ ಬ್ಯಾಂಡೇಜ್ ಲೆನ್ಸ್ (ಗಾಯ ಮುಚ್ಚಿಡುವ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್), ಸೋಂಕು ತಗಲದಂತೆ ಆಂಟಿಬಯಾಟಿಕ್. ಎರಡು ತಿಂಗಳ ಹೊತ್ತಿಗೆ, ಹಳದಿ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡುವಾಗ ಹಸಿರಾಗಿ ಹೊಳೆಯುತ್ತಿದ್ದ ಗಾಯ ಮಾಯವಾಗಿತ್ತು. ಗಾಯದ ಕಲೆ ಉಳಿದಿದೆ. ಆ ಕಣ್ಣಲ್ಲಿ ಬಸ್ಸಿನ ಬೋರ್ಡ್ ಓದಲಾಗುವುದಿಲ್ಲ, ಎದುರಿಗೆ ಬಂದವರು ಯಾರು ಅಂತ ಗೊತ್ತಾಗುತ್ತದೆ.

ಇನ್ಸುಲಿನ್ನನ್ನು ತೆಳು ಮಾಡಿ ಡ್ರಾಪ್ಸ್ ಆಗಿ ಕೊಡುವುದೂ ಇದೆ, ಅಗ್ಗ. ಹಾಗಂತ ಮನೆಯಲ್ಲಿರುವ ಇನ್ಸುಲಿನ್ ಬಾಟಲಿಗೆ ಕೈ ಹಾಕಬೇಡಿ, ಅದನ್ನು ಆಸ್ಪತ್ರೆಯವರೇ ಸಿದ್ಧ ಮಾಡಿಕೊಡಬೇಕು. ಗಾಯ ಹಟ ಹಿಡಿದರೆ ರೆಪ್ಪೆಗಳ ಅಂಚನ್ನು ಸ್ವಲ್ಪ ಹೊಲಿದು ಕಣ್ಣು ಮುಚ್ಚಿಡುತ್ತಾರೆ. ಕೇಳಿದರೆ ಭಯ ಆಗುತ್ತದೆ, ಆದರೆ ಎಷ್ಟೋ ಕಣ್ಣು ಉಳಿದಿರುವುದು ಅದರಿಂದಲೇ. ಡಾಕ್ಟರು ಹೇಳಿದರೆ ಬೇಡ ಅನ್ನಬೇಡಿ.

ನಂದಿಬಟ್ಟಲ ರಸ, ಎದೆಹಾಲು ಬೇಡವೇ ಬೇಡ. ನೋವಿಗೆ ಕೊಡುವ ಡ್ರಾಪ್ಸನ್ನೂ ಡಾಕ್ಟರನ್ನು ಕೇಳದೆ ಹಾಕಬೇಡಿ, ಕೆಲವು ಇಂಥ ಕಣ್ಣಿನ ಕಾರ್ನಿಯಾವನ್ನೇ ಕರಗಿಸಿಬಿಡುತ್ತವೆ. ಆಲೆಮನೆ ಹೊಗೆ, ಬೈಕಿನ ಗಾಳಿಗೆ ಕನ್ನಡಕ ಇರಲಿ. ಕಣ್ಣಿಗೆ ಕಸ ಬಿದ್ದರೂ ಅಪ್ಪನಿಗೆ ತಿಳಿಯುವುದಿಲ್ಲ. ದಿನಾ ಬೆಳಿಗ್ಗೆ ಬೆಳಕಿಗೆ ಕೂರಿಸಿ ನೀವೇ ನೋಡಿ. ಬಿಳಿ ಚುಕ್ಕೆ ಕಂಡರೆ, ಕೆಂಪು ಜಾಸ್ತಿಯಾದರೆ, ನೋಟ ಇದ್ದಕ್ಕಿದ್ದಂತೆ ಮಂಜಾದರೆ ಅವತ್ತೇ ಕರೆದುಕೊಂಡು ಹೋಗಿ. ಈಗ ಹಾಕುತ್ತಿರುವ ಬಾಟಲಿಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಿಂದ ತಂದದ್ದನ್ನೂ ಮುಚ್ಚಿಡಬೇಡಿ. ನಾವು ಮೊದಲ ಸಲ ಮುಚ್ಚಿಟ್ಟಿದ್ದೆವು.